ಪಶ್ಚಿಮ ಘಟ್ಟದ ತೋಟ, ಬೆಟ್ಟ, ಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಘಟ್ಟದಲ್ಲಿ ಗಣಿ, ಮಾಲಿನ್ಯದ ಕಾರ್ಖಾನೆಗಳಂಥವಕ್ಕೆ ತಡೆ ಹಾಕಬೇಕಾದ ಊರುಗಳನ್ನು ‘ಪರಿಸರ ಸೂಕ್ಷ್ಮ ಪ್ರದೇಶ’ ಎಂದು ಗುರುತಿಸುವ ಕೇಂದ್ರ ಸರ್ಕಾರದ ಕರಡು ಅಧಿಸೂಚನೆ ಹೊರಬಿದ್ದಾಗಲೆಲ್ಲ ಮಲೆನಾಡಿನ ಪಂಚಾಯಿತಿ ಕಚೇರಿಗಳಲ್ಲಿ, ಅಡಿಕೆ ಸೊಸೈಟಿಗಳ ಜಗುಲಿಯಲ್ಲಿ ಒಂದೇ ಬಗೆಯ ಪ್ರಶ್ನೆಗಳು ಏಳುತ್ತವೆ. ಕೆಲವಕ್ಕೆ ಉತ್ತರ ಎರಡು ಸಾಲಿನದು. ಕೆಲವಕ್ಕೆ ಹಳೆಯ ಕಡತಗಳನ್ನು ಬಿಚ್ಚದೆ ಉತ್ತರ ಸಿಗುವುದಿಲ್ಲ.

ಈ ಚರ್ಚೆ ಶುರುವಾದದ್ದು ಎಲ್ಲಿಂದ?

2010ರ ಫೆಬ್ರವರಿಯಲ್ಲಿ ನೀಲಗಿರಿಯ ಕೋತಗಿರಿಯಲ್ಲಿ ಪಶ್ಚಿಮ ಘಟ್ಟ ಉಳಿಸಿ ಚಳವಳಿಯವರು ಸಭೆ ಸೇರಿದ್ದರು. ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅಲ್ಲಿಗೆ ಬಂದಿದ್ದರು. ಮರುತಿಂಗಳೇ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ ರಚನೆಯಾಯಿತು. 2011ರ ಆಗಸ್ಟ್ 31ರಂದು ಅದು ವರದಿ ಕೊಟ್ಟಿತು.

ಮುಂದೆ ನಡೆದದ್ದೇ ಇಡೀ ಜಗಳದ ಮೂಲ. ಸಚಿವಾಲಯ ವರದಿಯನ್ನು ಒಳಗಿಟ್ಟುಕೊಂಡು ಕುಳಿತಿತು. ಮಾಹಿತಿ ಹಕ್ಕಿನಡಿ ಕೇಳಿದರೂ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಹೇಳಿ, ದೆಹಲಿ ಹೈಕೋರ್ಟ್ ಹೇಳಿ, 2012ರ ಮೇ ತಿಂಗಳಲ್ಲಷ್ಟೇ ಅದು ಸಾರ್ವಜನಿಕರ ಕಣ್ಣಿಗೆ ಬಿತ್ತು. ಆ ಒಂಬತ್ತು ತಿಂಗಳಲ್ಲಿ ವರದಿಯನ್ನು ಓದದವರು ಅದರ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡಿದರು. ಜನರ ಬದುಕಿಗೆ ಸಂಬಂಧಿಸಿದ ಕಾಗದವನ್ನು ಜನರಿಂದಲೇ ಬಚ್ಚಿಟ್ಟರೆ ವದಂತಿಗೆ ಬೇರೆ ಗೊಬ್ಬರ ಬೇಕಿಲ್ಲ.

ಗಾಡ್ಗೀಳ್ ವರದಿ ರೈತರ ವಿರುದ್ಧವಾಗಿತ್ತೇ?

ಓದಿದವರಿಗೆ ಹಾಗೆ ಅನ್ನಿಸುವುದು ಕಷ್ಟ. ಸುಮಾರು 1,29,000 ಚದರ ಕಿಲೋಮೀಟರಿನ ಇಡೀ ಘಟ್ಟಸಾಲನ್ನು ಅದು ಪರಿಸರ ಸೂಕ್ಷ್ಮ ಎಂದು ಕರೆಯಿತು ಎಂಬುದು ನಿಜ. ಆದರೆ ಎಲ್ಲ ಕಡೆಗೂ ಒಂದೇ ನಿಯಮ ಹೇಳಲಿಲ್ಲ. ಮೂರು ವಲಯಗಳನ್ನು ಮಾಡಿ, ಮೊದಲನೆಯದಕ್ಕೆ ಬಿಗಿಯಾದ, ಮೂರನೆಯದಕ್ಕೆ ಸಡಿಲವಾದ ನಿಯಮಗಳನ್ನು ಸೂಚಿಸಿತು.

ಕೃಷಿಯ ಬಗ್ಗೆ ಅದರಲ್ಲಿದ್ದ ಮುಖ್ಯ ಮಾತುಗಳು ಇವು. ರಾಸಾಯನಿಕ ಕೀಟನಾಶಕಗಳನ್ನು ಒಂದನೇ ವಲಯದಲ್ಲಿ 5 ವರ್ಷ, ಎರಡನೆಯದರಲ್ಲಿ 8, ಮೂರನೆಯದರಲ್ಲಿ 10 ವರ್ಷಗಳಲ್ಲಿ ಹಂತಹಂತವಾಗಿ ಬಿಡಬೇಕು. ಕುಲಾಂತರಿ ಬೆಳೆ ಬೇಡ. ಶೇ 30ಕ್ಕಿಂತ ಹೆಚ್ಚು ಇಳಿಜಾರಿರುವಲ್ಲಿ ವರ್ಷವರ್ಷ ನೆಲ ಕೆದಕುವ ಬೆಳೆಯ ಬದಲು ಬಹುವಾರ್ಷಿಕ ಬೆಳೆಗೆ ಪ್ರೋತ್ಸಾಹ ಕೊಡಬೇಕು. ಮಣ್ಣಿನಲ್ಲಿ ಇಂಗಾಲ ಹೆಚ್ಚಿಸಿದ ರೈತನಿಗೆ, ನಾಟಿ ತಳಿ ಉಳಿಸಿದವನಿಗೆ, ಖಾಸಗಿ ಜಮೀನಿನಲ್ಲಿ ಕಾಡು ಬೆಳೆಯಲು ಬಿಟ್ಟವನಿಗೆ ಹಣ ಸಿಗಬೇಕು.

ಬಿಗಿಯಾದ ಒಂದನೇ ವಲಯದಲ್ಲೂ ಊರಿನ ಜನಸಂಖ್ಯೆ ಬೆಳೆದಂತೆ ಮನೆಗಳಿಗೆ ಜಾಗ ವಿಸ್ತರಿಸಲು ಅವಕಾಶವಿತ್ತು. ಕೃಷಿಭೂಮಿಯನ್ನು ಕೃಷಿಯೇತರ ಕೆಲಸಕ್ಕೆ ಬದಲಾಯಿಸುವುದಕ್ಕೆ ತಡೆಯಿತ್ತು. ಈ ಕೊನೆಯ ಅಂಶದಿಂದ ನಷ್ಟವಾಗುವುದು ಗೇಯ್ದು ತಿನ್ನುವವನಿಗೆ ಅಲ್ಲ, ಗುಡ್ಡ ಕೊಂಡು ರೆಸಾರ್ಟ್ ಕಟ್ಟುವವನಿಗೆ. ವಿರೋಧದ ಮೆರವಣಿಗೆಗಳಲ್ಲಿ ಮುಂದೆ ನಿಂತವರು ಯಾರು, ಹಿಂದಿನಿಂದ ಜೀಪು ಕೊಟ್ಟವರು ಯಾರು ಎಂಬುದನ್ನು ಆಯಾ ಊರಿನವರು ನೆನಪಿಸಿಕೊಳ್ಳಬಹುದು.

ಹಾಗಿದ್ದರೆ ಕಸ್ತೂರಿರಂಗನ್ ಸಮಿತಿ ಬಂದದ್ದೇಕೆ?

ರಾಜ್ಯಗಳು ಒಪ್ಪಲಿಲ್ಲ. 2012ರ ಆಗಸ್ಟ್‌ನಲ್ಲಿ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಉನ್ನತ ಮಟ್ಟದ ಕಾರ್ಯತಂಡ ರಚನೆಯಾಗಿ, 2013ರ ಏಪ್ರಿಲ್‌ನಲ್ಲಿ ವರದಿ ಬಂತು. ಜನವಸತಿ, ಹೊಲ, ತೋಟಗಳಿರುವ ಭಾಗವನ್ನು ಅದು ‘ಸಾಂಸ್ಕೃತಿಕ ಭೂದೃಶ್ಯ’ ಎಂದು ಬೇರೆ ಮಾಡಿ, ಉಳಿದದ್ದರಲ್ಲಿ, ತಾನು ಹೆಚ್ಚು ವಿಶಾಲವಾಗಿ ಲೆಕ್ಕ ಹಿಡಿದ ಘಟ್ಟಪ್ರದೇಶದ ಸುಮಾರು ಶೇ 37ರಷ್ಟನ್ನು, ಅಂದರೆ ಹತ್ತಿರಹತ್ತಿರ 60,000 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವಾಗಿ ಗುರುತಿಸಿತು.

ವಿಸ್ತೀರ್ಣ ಅರ್ಧಕ್ಕಿಂತ ಕೆಳಗಿಳಿಯಿತು. ಅದರ ಜೊತೆಗೆ ಹೆಚ್ಚು ಬೆಲೆಯುಳ್ಳ ಇನ್ನೊಂದೂ ಕೈಬಿಟ್ಟುಹೋಯಿತು. ಗಾಡ್ಗೀಳ್ ಸಮಿತಿ ತನ್ನ ವಲಯಗಳನ್ನು ಅಂತಿಮವೆಂದು ಹೇಳಿರಲಿಲ್ಲ; ಗ್ರಾಮಸಭೆಗಳು ಚರ್ಚಿಸಿ ಗಡಿ ತಿದ್ದಬೇಕು ಎಂದಿತ್ತು. ಎರಡನೇ ವರದಿಯಿಂದ ಮುಂದೆ ಗಡಿಯ ಮಾತು ಉಪಗ್ರಹ ಚಿತ್ರದ ಕೈಗೆ ಹೋಯಿತು.

ಯಾವ ಊರು ಪಟ್ಟಿಯಲ್ಲಿರಬೇಕು ಎಂದು ನಿರ್ಧರಿಸಿದ್ದು ಹೇಗೆ?

ಒಂದು ಕಂದಾಯ ಗ್ರಾಮದ ವಿಸ್ತೀರ್ಣದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಪಾಲು ಸೂಕ್ಷ್ಮ ಎಂದು ಉಪಗ್ರಹ ಚಿತ್ರದಲ್ಲಿ ಕಂಡರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಗ್ರಾಮದ ಒಂದು ಮೂಲೆಯ ಕಾಡಿನಿಂದಾಗಿ ಇನ್ನೊಂದು ಮೂಲೆಯ ಗದ್ದೆಬಯಲೂ ಒಳಗಾಯಿತು ಎಂಬ ದೂರು ಇಲ್ಲಿಂದ ಬಂದದ್ದು. ದೂರಿನಲ್ಲಿ ಹುರುಳಿದೆ. ಕೊಡಗಿನಲ್ಲಿ ನಂದಿ, ಹಲಸು, ಅತ್ತಿ ಮರಗಳ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ. ಮೇಲಿನಿಂದ ನೋಡಿದರೆ ಕಾಣುವುದು ಮರದ ತಲೆ ಮಾತ್ರ. ನೆರಳು ಮರ ಕಡಿದು ಬೋಳು ಮಾಡಿದವನು ಪಟ್ಟಿಯಿಂದ ಹೊರಗೆ, ಉಳಿಸಿಕೊಂಡವನು ಒಳಗೆ ಎಂದಾದರೆ ಆ ನೀತಿಯಿಂದ ಯಾರು ಏನು ಕಲಿಯುತ್ತಾರೆ ಎಂದು ಬೆಳೆಗಾರರು ಕೇಳಿದ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಕರಡು ಅಧಿಸೂಚನೆ ಎಷ್ಟು ಬಾರಿ ಬಂದಿದೆ? ಪ್ರತಿ ಬಾರಿಯೂ ಹೊಸದೇ?

2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಆರು ಬಾರಿ. 2014, 2015, 2017, 2018, 2022, 2024. ಪರಿಸರ ಸಂರಕ್ಷಣಾ ಕಾಯ್ದೆ 1986ರಡಿ ಕರಡು ಹೊರಡಿಸಿದ ಮೇಲೆ ನಿಗದಿತ ಅವಧಿಯೊಳಗೆ ಅಂತಿಮಗೊಳಿಸದಿದ್ದರೆ ಅದು ಬಿದ್ದುಹೋಗುತ್ತದೆ. ಆಗ ಮತ್ತೆ ಹೊರಡಿಸಬೇಕು. ಒಳಗಿನ ಸಾರ ಹೆಚ್ಚುಕಡಿಮೆ ಅದೇ. ಆರು ರಾಜ್ಯಗಳಲ್ಲಿ ಒಟ್ಟು 56,825 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ್ದೇ ದೊಡ್ಡ ಪಾಲು, 20,668. ಮಹಾರಾಷ್ಟ್ರ 17,340, ಕೇರಳ 9,993, ತಮಿಳುನಾಡು 6,914, ಗೋವಾ 1,461, ಗುಜರಾತ್ 449.

ಕೇರಳದ ಅಂಕಿಯನ್ನು ಗಮನಿಸಿ. ಮೊದಲು ಅದು 13,108 ಇತ್ತು. ಆ ರಾಜ್ಯ ತನ್ನದೇ ಸಮಿತಿ ಮಾಡಿ, ಊರುಗಳನ್ನು ಸುತ್ತಿ, ನಕ್ಷೆ ತಿದ್ದಿ ಕೊಟ್ಟದ್ದರಿಂದ ಇಳಿಯಿತು. ಆ ಇಳಿಕೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ನಕ್ಷೆ ಹಿಡಿದು ಕುಳಿತವರ ಮಾತು ದಿಲ್ಲಿಯಲ್ಲಿ ಕೇಳಿಸಿತು, ‘ಪೂರ್ತಿ ಬೇಡ’ ಎಂದು ಪತ್ರ ಬರೆದವರದ್ದು ಕೇಳಿಸಲಿಲ್ಲ ಎಂಬುದು ಮಾತ್ರ ಕಾಣುತ್ತಿದೆ.

ನಮ್ಮ ಊರು ಪಟ್ಟಿಯಲ್ಲಿದೆ. ಅಡಿಕೆ, ಕಾಫಿ, ಭತ್ತ ಬೆಳೆಯುವಂತಿಲ್ಲವೇ?

ಬೆಳೆಯಬಹುದು. ಕರಡಿನಲ್ಲಿ ನಿಷೇಧವಾಗಿರುವುದು ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳು ಗಣಿಗಾರಿಕೆ; ಹೊಸ ಉಷ್ಣ ವಿದ್ಯುತ್ ಸ್ಥಾವರ; ಮಾಲಿನ್ಯದ ಲೆಕ್ಕದಲ್ಲಿ ಕೆಂಪು ವರ್ಗಕ್ಕೆ ಸೇರುವ ಹೊಸ ಕೈಗಾರಿಕೆ; 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆ; 50 ಹೆಕ್ಟೇರ್ ಮತ್ತು ಅದಕ್ಕೂ ಮೇಲ್ಪಟ್ಟ ಬಡಾವಣೆ. ಇರುವ ಗಣಿಗಳನ್ನು ಐದು ವರ್ಷದೊಳಗೆ ಮುಚ್ಚಬೇಕು. ಜಲವಿದ್ಯುತ್ ಯೋಜನೆಗೆ ಪೂರ್ತಿ ತಡೆಯಿಲ್ಲ, ಷರತ್ತುಗಳಿವೆ.

ಮನೆ ಕಟ್ಟಬಹುದೇ? ಜಮೀನು ಮಾರಬಹುದೇ?

ಇರುವ ಮನೆಯ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲ ಎಂದು ಕರಡಿನಲ್ಲೇ ಬರೆದಿದೆ. ಆಸ್ತಿಯ ವರ್ಗಾವಣೆಗೂ ಅಡ್ಡಿಯಿಲ್ಲ. ಹೊಸ ಮನೆ ಕಟ್ಟುವವರು 20,000 ಚದರ ಮೀಟರಿನ ಮನೆ ಕಟ್ಟುವುದಾದರೆ ಮಾತ್ರ ಯೋಚಿಸಬೇಕು.

ಕಾಗದದಲ್ಲಿ ಇಷ್ಟು ಸ್ಪಷ್ಟವಿದ್ದರೆ ರೈತರು ಹೆದರುವುದೇಕೆ? ಎಲ್ಲವೂ ರಾಜಕಾರಣಿಗಳ ಸೃಷ್ಟಿಯೇ?

ಅಲ್ಲ. ಕರಡನ್ನು ಓದಿ ಹೇಳಿ ಭಯ ಹೋಗಲಾಡಿಸಬಹುದು ಎಂದು ನಂಬಿರುವ ಪರಿಸರಪ್ರಿಯರು ಮಲೆನಾಡಿನ ಭೂಮಿಯ ದಾಖಲೆ ನೋಡಿರುವುದು ಕಡಿಮೆ.

ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಇದೆ; ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಕಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುವುದು ಕ್ರಮ. ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ, ಶಿವಮೊಗ್ಗದ ಕಡೆ ಕಾನು. ಇವೆಲ್ಲವೂ ರೈತ ಬಳಸುವ, ಆದರೆ ಪೂರ್ತಿ ಅವನದಲ್ಲದ ಭೂಮಿ. ಬಗರ್‌ಹುಕುಂ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವರು ಬೇರೆ. ಅರಣ್ಯ ಹಕ್ಕು ಕಾಯ್ದೆ 2006ರಡಿ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ರುಜುವಾತು ಮಾಡಬೇಕು. ಅಜ್ಜ ಗುಡಿಸಲು ಹಾಕಿದ್ದಕ್ಕೆ ಯಾವ ಸರ್ಕಾರ ರಸೀದಿ ಕೊಟ್ಟಿತ್ತು?

ಹೀಗೆ ಅರೆಬರೆ ಹಕ್ಕಿನ ಮೇಲೆ ನಿಂತವನಿಗೆ ಕರಡಿನ ಭಾಷೆಯಿಂದ ಧೈರ್ಯ ಬರುವುದಿಲ್ಲ. ನಾಳೆ ಅರಣ್ಯ ಇಲಾಖೆಯ ಗಾರ್ಡ್ ಬಂದು ‘ಇದು ಸೂಕ್ಷ್ಮ ಪ್ರದೇಶ’ ಎಂದರೆ ಏನು ಮಾಡುವುದು ಎಂಬುದು ಅವನ ಪ್ರಶ್ನೆ. ಈ ಭಯಕ್ಕೆ ಪೂರ್ವದಾಖಲೆಯೂ ಇದೆ. 2001ರಲ್ಲಿ ಮಹಾರಾಷ್ಟ್ರದ ಮಹಾಬಲೇಶ್ವರ–ಪಂಚಗನಿ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಘೋಷಿಸಿದ ಮೇಲೆ, ಬಡವರನ್ನು ಸುಲಿಯಲು ಅಧಿಕಾರಿಗಳು ನಿಯಮಗಳನ್ನು ಬಳಸಿದರು ಎಂದು ಸ್ಥಳೀಯರು ದೂರಿದ್ದನ್ನು ಗಾಡ್ಗೀಳ್ ಸಮಿತಿಯೇ ದಾಖಲಿಸಿದೆ. ಹಾಗಾಗಿ ಮೊದಲು ಭೂಮಿಯ ಹಕ್ಕು ಇತ್ಯರ್ಥವಾಗಲಿ, ಆಮೇಲೆ ಗಡಿ ಎಳೆಯೋಣ ಎಂಬ ರೈತರ ಕ್ರಮವೇ ನನಗೆ ಸರಿ ಎನ್ನಿಸುತ್ತದೆ. ಇದು ಅಸಾಧ್ಯವಾದ ಬೇಡಿಕೆಯೂ ಅಲ್ಲ.

ಪರಿಸರ ಸೂಕ್ಷ್ಮ ಪ್ರದೇಶ ಬೇಕು ಎಂದು ಕೇಳಿದ ಹಳ್ಳಿಗಳು ಎಲ್ಲಾದರೂ ಇವೆಯೇ?

ಇವೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಗಣಿಗಾರಿಕೆ ಹತ್ತಿರ ಬಂದಾಗ 25 ಹಳ್ಳಿಗಳ ಗ್ರಾಮಸಭೆಗಳು ತಮ್ಮನ್ನು ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿ ಎಂದು ನಿರ್ಣಯ ಮಾಡಿದವು. ಗೋಡಂಬಿ, ಮಾವು, ಭತ್ತದ ಬದುಕನ್ನು ಕಾಪಾಡಲು ಅವರಿಗೆ ಸಿಕ್ಕ ಆಯುಧ ಅದು.

ಅಡಿಕೆಗೆ ಮದ್ದು ಹೊಡೆಯದಿದ್ದರೆ ಕೊಳೆಯಿಂದ ಉಳಿಯುವುದು ಹೇಗೆ?

ತಜ್ಞರ ಸಭೆಗಳಲ್ಲಿ ಅಪರೂಪಕ್ಕೆ, ತೋಟದಲ್ಲಿ ದಿನವೂ ಕೇಳುವ ಪ್ರಶ್ನೆ. ಮಳೆಗಾಲದ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಮಲೆನಾಡು ನೂರು ವರ್ಷದಿಂದ ನಂಬಿದೆ. ಹಳೆ ಮೈಸೂರು ಸಂಸ್ಥಾನದಲ್ಲಿ ಇದನ್ನು ರೈತರಿಗೆ ತಲುಪಿಸಿದವರು ಕೃಷಿ ಇಲಾಖೆಯ ಮೊದಲ ನಿರ್ದೇಶಕ ಲೆಸ್ಲಿ ಕೋಲ್ಮನ್. ತಾಮ್ರದ ಈ ದ್ರಾವಣವನ್ನು ಸಾವಯವ ಮಾನದಂಡಗಳೂ ಮಿತಿಯೊಳಗೆ ಒಪ್ಪುತ್ತವೆ. ಆದ್ದರಿಂದ ‘ಕೀಟನಾಶಕ ನಿಂತರೆ ಅಡಿಕೆ ಸತ್ತಿತು’ ಎಂಬ ಕೂಗು ಪೂರ್ತಿ ನಿಜವಲ್ಲ. ಆದರೆ ವರ್ಷವರ್ಷ ತಾಮ್ರ ಮಣ್ಣಿಗಿಳಿಯುತ್ತದೆ ಎಂಬುದೂ ಇದೆ. ಅಡಿಕೆಯ ಕೊನೆಗಳಿಗೆ (ಗೊಂಚಲುಗಳಿಗೆ) ಕೊಟ್ಟೆ, ಅಂದರೆ ಮಳೆಯ ಹೊದಿಕೆ, ಕಟ್ಟುವ ಹಳೆಯ ಪದ್ಧತಿಗೆ ಇಂದು ಮರ ಹತ್ತುವ ಕೈಗಳೇ ಇಲ್ಲ. ರಾಸಾಯನಿಕ ಬಿಡಿ ಎನ್ನುವ ನೀತಿ ಮರ ಹತ್ತುವ ಕೊನೆಗಾರನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಅರ್ಧ ನೀತಿ.

ಬಿಡಲು ಕಾರಣವೇ ಇಲ್ಲ ಎನ್ನುವವರು ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆ ಹೋಗಿ ಬರಲಿ. ಅಲ್ಲಿನ ಗೇರು ತೋಪುಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಜನ ಇಂದಿಗೂ ಉಣ್ಣುತ್ತಿದ್ದಾರೆ. ಗಡಿಯಾಚೆ ಕಾಸರಗೋಡಿನದೂ ಅದೇ ಕಥೆ. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಿಂಪಡಿಸುವ ಮುನ್ನ ಆ ಊರುಗಳಲ್ಲಿ ಯಾರೂ ಗ್ರಾಮಸಭೆ ಕರೆದಿರಲಿಲ್ಲ.

ರೈತರ ಅನುಭವಕ್ಕೆ ವಿಜ್ಞಾನದಲ್ಲಿ ಬೆಲೆ ಇದೆಯೇ, ಅಥವಾ ಇದು ಬರೀ ಬಾಯಿಮಾತೇ?

ಉತ್ತರ ಕನ್ನಡದ ಬಿದಿರಿನ ಕಥೆಯೇ ಉತ್ತರ. ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಬಲು ಅಗ್ಗಕ್ಕೆ ಕೊಡುತ್ತಿದ್ದ ಕಾಲ. ಬಿದಿರು ಕರಗುತ್ತ ಬಂತು. ಹಳ್ಳಿಗರು ಕಡಿಯುವುದು, ದನ ಮೇಯುವುದು ಕಾರಣ ಎಂದು ದೂರಲಾಯಿತು. 1970ರ ದಶಕದಲ್ಲಿ ಗಾಡ್ಗೀಳ್ ಮತ್ತು ಜೊತೆಗಾರರು ಅಧ್ಯಯನಕ್ಕೆ ಇಳಿದಾಗ ಬೇರೆಯದೇ ಕಂಡಿತು. ಹಿಂಡಲಿನ ಬುಡದ ಮುಳ್ಳುಗಳನ್ನು ಸವರಿ ‘ಶುಚಿ’ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ನಂಬಿ ಹಾಗೇ ಮಾಡಿಸಲಾಗುತ್ತಿತ್ತು. ಮುಳ್ಳು ಹೋದದ್ದೇ ತಡ, ಎಳೆ ಕಳಲೆಗೆ ದನ, ಕಾಡುಪ್ರಾಣಿಗಳು ಬಾಯಿ ಹಾಕಿದವು. ಮುಳ್ಳು ಇರುವುದೇ ಕಳಲೆ ಕಾಯಲು ಎಂದು ಹಳ್ಳಿಯವರು ಮೊದಲೇ ಹೇಳಿದ್ದರು. ಕೇಳುವ ಏರ್ಪಾಡು ಇರಲಿಲ್ಲ.

ಈಗ ಅಂಥ ಏರ್ಪಾಡು ಇದೆಯೇ?

ಕಾನೂನಿನಲ್ಲಿ ಇದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಅದು ಊರಿನ ಗಿಡಮರ, ಬೆಳೆ ತಳಿ, ಜಾನುವಾರು, ಮೀನು, ನಾಟಿವೈದ್ಯದ ತಿಳಿವಳಿಕೆಗಳ ದಾಖಲಾತಿ ಮಾಡಬೇಕು. ಹಸಿರು ನ್ಯಾಯಮಂಡಳಿ ಗಡುವು ಹಾಕಿದ ಮೇಲೆ ಈ ಪುಸ್ತಕಗಳು ಲಗುಬಗೆಯಿಂದ ತಯಾರಾದವು. ನಿಮ್ಮ ಪಂಚಾಯಿತಿಯದನ್ನು ಕೇಳಿ ನೋಡಿ. ನಿಮ್ಮೂರಿನ ಅಪ್ಪೆಮಿಡಿ ಮರದ ಹೆಸರು ಅದರಲ್ಲಿಲ್ಲದಿದ್ದರೆ, ಪುಸ್ತಕ ಯಾರು ಎಲ್ಲಿ ಕುಳಿತು ಬರೆದರೆಂದು ಊಹಿಸಬಹುದು.

ಅರಣ್ಯ ಹಕ್ಕು ಕಾಯ್ದೆಯ ಬಲ ಇನ್ನೂ ಹೆಚ್ಚು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವವರಿಗೂ ಹುಲಿಗೂ ಒಂದೇ ಕಾಡಿನಲ್ಲಿ ಜಾಗವಿದೆ ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತು.

ಕರ್ನಾಟಕ ಸರ್ಕಾರದ ನಿಲುವು ಏನು?

ಬೇಡ ಎಂಬುದು. ಪಕ್ಷ ಯಾವುದೇ ಇರಲಿ, ಉತ್ತರ ಬದಲಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮತ್ತೊಮ್ಮೆ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ದೊಡ್ಡ ಭಾಗ ಈಗಾಗಲೇ ಅರಣ್ಯ ಕಾನೂನುಗಳ ರಕ್ಷಣೆಯಲ್ಲಿದೆ ಎಂಬುದು ವಾದ. ವಾದ ಒಪ್ಪಬಹುದು, ಆದರೆ ರಾಜ್ಯ ತನ್ನದೇ ನಕ್ಷೆಯನ್ನು, ತನ್ನದೇ ಷರತ್ತುಗಳನ್ನು ಜನರ ಮುಂದಿಟ್ಟು ‘ಇದಾದರೆ ಒಪ್ಪುತ್ತೇವೆ’ ಎಂದಿದ್ದರೆ ಮಾತುಕತೆ ಮುಂದೆ ಸಾಗುತ್ತಿತ್ತು.

ಗುಡ್ಡ ಕುಸಿತಕ್ಕೂ ಈ ವರದಿಗಳಿಗೂ ಸಂಬಂಧವಿದೆಯೇ?

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಅದೇ ತಿಂಗಳ 30ರಂದು ವಯನಾಡು. ಆರನೇ ಕರಡು ಹೊರಬಿದ್ದದ್ದು ವಯನಾಡಿನ ದುರಂತದ ಮರುದಿನ. ಪ್ರತಿ ಕುಸಿತಕ್ಕೂ ಒಂದೇ ಕಾರಣ ಹೇಳಲಾಗದು, ಅತಿಮಳೆಯೂ ಇದೆ. ಆದರೆ ಇಳಿಜಾರಿನ ಬುಡ ಕಡಿದು ರಸ್ತೆ ಅಗಲಿಸುವುದು, ನೀರಿನ ಹರಿವು ಮುಚ್ಚಿ ನೆಲ ಸಮತಟ್ಟು ಮಾಡುವುದು ಮಳೆಯ ಕೆಲಸವಲ್ಲ. ಕುಸಿತವಾದಾಗ ವರದಿಯನ್ನು ಹೊಗಳಿ, ಎರಡು ತಿಂಗಳ ಬಳಿಕ ತೆಗಳುವವರ ಮಾತಿಗೆ ಎರಡು ಸಂದರ್ಭದಲ್ಲೂ ಕಿವಿಗೊಡಬೇಕಿಲ್ಲ.

ಕಾಡು ಉಳಿಸಿಕೊಂಡ ರೈತನಿಗೆ ಸಿಗುವುದೇನು?

ಸದ್ಯಕ್ಕೆ ಕಾಡುಕೋಣ, ಮಂಗ, ಆನೆ. ಬೆಳೆ ಹಾನಿಗೆ ಪರಿಹಾರವುಂಟು, ಆದರೆ ಅದು ನಷ್ಟ ಆದಮೇಲಿನ ಮಾತು. ನೀರು ಇಂಗಿಸಿಕೊಡುವ ಬೆಟ್ಟವನ್ನು ಕಾಪಾಡಿದ್ದಕ್ಕೆ, ದೇವರಕಾಡನ್ನು ಕಡಿಯದೆ ಬಿಟ್ಟದ್ದಕ್ಕೆ ವರ್ಷವರ್ಷ ಹಣ ಕೊಡುವ ಶಿಫಾರಸು 2011ರ ವರದಿಯಲ್ಲಿತ್ತು. ಕರಡು ಅಧಿಸೂಚನೆಗಳಲ್ಲಿ ಮುಂದೆ ಬಂದದ್ದು ನಿಷೇಧಗಳ ಪಟ್ಟಿ ಮಾತ್ರ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ಮಾಡಿದ ರಾಜ್ಯ. ಆ ನೀತಿಯನ್ನು ಘಟ್ಟದ ಊರುಗಳ ಸಂರಕ್ಷಣೆಗೆ ಜೋಡಿಸಿ ಹಣ ಇಡುವುದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ಈ ಒಂದು ಬೇಡಿಕೆಯಲ್ಲಿ ರೈತ ಸಂಘಟನೆಗಳೂ ಪರಿಸರ ಸಂಘಟನೆಗಳೂ ಒಟ್ಟಾಗಿ ನಿಲ್ಲಬಹುದಿತ್ತು. ನಿಂತದ್ದು ಕಡಿಮೆ.

ಮುಂದಿನ ಕರಡು ಬಂದರೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ 60 ದಿನಗಳ ಅವಕಾಶ. ಕರಡು ಹಿಂದಿ, ಇಂಗ್ಲಿಷ್‌ಗಳಲ್ಲಿ ಇರುತ್ತದೆ; ಕನ್ನಡದ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಬೇಕು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಮೊದಲ ವಾರದಲ್ಲೇ ಲಿಖಿತ ಅರ್ಜಿ ಕೊಡಿ. ಆಕ್ಷೇಪಣೆಯನ್ನು ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯದ ಕಾರ್ಯದರ್ಶಿಗೆ ಕಳಿಸಬೇಕು.

‘ನಮಗೆ ಬೇಡ’ ಎಂಬ ಅಚ್ಚು ಹಾಕಿದ ಅರ್ಜಿಗೆ ನೂರು ಜನ ಸಹಿ ಹಾಕುವುದಕ್ಕಿಂತ, ಸರ್ವೆ ನಂಬರ್ ಸಹಿತ ಬರೆದ ಹತ್ತು ಅರ್ಜಿಗಳ ತೂಕ ಹೆಚ್ಚು. ಯಾವ ಸರ್ವೆ ನಂಬರಿನಲ್ಲಿ ಗದ್ದೆ, ಯಾವುದರಲ್ಲಿ ಬೆಟ್ಟ, ಯಾವುದರಲ್ಲಿ ದಟ್ಟ ಕಾಡು ಎಂದು ಬಿಡಿಸಿ ಬರೆಯಿರಿ. ಪಹಣಿ, ಗ್ರಾಮನಕ್ಷೆ ಲಗತ್ತಿಸಿ. ಬೇಡದ್ದರ ಜೊತೆಗೆ ಬೇಕಾದದ್ದನ್ನೂ ಬರೆಯಿರಿ: ಕ್ವಾರಿ ಬೇಡ, ಬೆಟ್ಟದ ಹಕ್ಕು ಉಳಿಯಲಿ, ಬಾಕಿ ಅರ್ಜಿಗಳು ಇತ್ಯರ್ಥವಾಗಲಿ, ಕಾಡು ಕಾದದ್ದಕ್ಕೆ ಹಣ ಬರಲಿ. ಗ್ರಾಮಸಭೆಯ ನಿರ್ಣಯವಾಗಿದ್ದರೆ ನಡಾವಳಿಯ ಮೊಹರು ಹಾಕಿದ ನಕಲು ಇಟ್ಟುಕೊಳ್ಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಬರುವವರೆಗೆ ರಸೀದಿಯನ್ನು ಜೋಪಾನವಾಗಿಡಿ.